ಮೆಟ್ಟಿಲಿಲ್ಲದ ಏಣಿ: ವಿಮಾನದ ಟಿಕೆಟಿಗೆ ಎಐ ಬೆಲೆ ಕಟ್ಟುವಾಗ

2025ರ ಜುಲೈ 10ರಂದು ಅಮೆರಿಕದ ಡೆಲ್ಟಾ ಏರ್‌ಲೈನ್ಸ್ ತನ್ನ ಮೂರು ತಿಂಗಳ ಲೆಕ್ಕವನ್ನು ಹೂಡಿಕೆದಾರರ ಮುಂದಿಟ್ಟಿತು. ಆ ಮಾತುಕತೆಯಲ್ಲಿ ಆಗ ಕಂಪನಿಯ ಅಧ್ಯಕ್ಷರಾಗಿದ್ದ ಗ್ಲೆನ್ ಹಾವೆನ್‌ಸ್ಟೀನ್ ಒಂದು ಸಂಗತಿ ಹೇಳಿದರು. ದೇಶದೊಳಗಿನ ಜಾಲದಲ್ಲಿ ಶೇ 3ರಷ್ಟು ದರಗಳು ಈಗ ಎಐ ನೆರವಿನಿಂದ ನಿಗದಿಯಾಗುತ್ತಿವೆ, ವರ್ಷ ಮುಗಿಯುವುದರೊಳಗೆ ಅದನ್ನು ಶೇ 20ಕ್ಕೆ ಏರಿಸುವ ಗುರಿ ಇದೆ ಎಂದು. ತಂತ್ರಾಂಶ ಇಸ್ರೇಲಿನ ಫೆಚರ್ ಎಂಬ ಕಂಪನಿಯದು. ಅದಕ್ಕೂ ಎಂಟು ತಿಂಗಳು ಮೊದಲು, 2024ರ ನವೆಂಬರಿನಲ್ಲಿ, ಇವರೇ ಈ ತಂತ್ರಾಂಶವನ್ನು ದಿನದ 24 ಗಂಟೆ, ವಾರದ 7 ದಿನವೂ ದುಡಿಯುವ ಮಹಾ ವಿಶ್ಲೇಷಕನಿಗೆ ಹೋಲಿಸಿದ್ದರು. ಆ ವಿಮಾನಕ್ಕೆ, ಆ ಹೊತ್ತಿಗೆ, ನಿಮಗೇ ಎಂದು ಒಂದು ಬೆಲೆ ಇರುತ್ತದೆ ಎಂಬರ್ಥದ ಮಾತನ್ನೂ ಆಡಿದ್ದರು. ಹೂಡಿಕೆದಾರರ ಕಿವಿಗೆ ಇಂಪಾಗಿದ್ದ ಈ ಮಾತು ಪ್ರಯಾಣಿಕರ ಕಿವಿಗೆ ಬಿದ್ದಾಗ ಗದ್ದಲವೆದ್ದಿತು.

ಅದೇ ತಿಂಗಳು ಸೆನೆಟರ್‌ಗಳಾದ ರೂಬೆನ್ ಗಾಯೆಗೊ, ಮಾರ್ಕ್ ವಾರ್ನರ್ ಮತ್ತು ರಿಚರ್ಡ್ ಬ್ಲೂಮೆಂಥಾಲ್ ಡೆಲ್ಟಾಗೆ ಪತ್ರ ಬರೆದು, ಒಬ್ಬೊಬ್ಬ ಪ್ರಯಾಣಿಕನ ತಾಳಿಕೊಳ್ಳುವ ಶಕ್ತಿ ಎಷ್ಟೆಂದು ಅಳೆದು ಅಲ್ಲಿಯವರೆಗೂ ಬೆಲೆ ಎಳೆಯಲು ಹೊರಟಿದ್ದೀರಾ ಎಂದು ಕೇಳಿದರು. ಅಮೆರಿಕನ್ ಏರ್‌ಲೈನ್ಸ್‌ನ ಮುಖ್ಯಸ್ಥ ರಾಬರ್ಟ್ ಐಸಮ್, ಇಂಥ ಕ್ರಮ ಗ್ರಾಹಕರ ನಂಬಿಕೆಗೆ ಪೆಟ್ಟು ಕೊಡುತ್ತದೆ ಎಂದು ದೂರ ನಿಂತರು. ಆಗಸ್ಟ್ 1ರಂದು ಡೆಲ್ಟಾ ಲಿಖಿತ ಉತ್ತರ ಕೊಟ್ಟಿತು. ಖಾಸಗಿ ಮಾಹಿತಿಯ ಮೇಲೆ ಅವರವರಿಗೆ ಬೇರೆ ಬೇರೆ ದರ ಹೇಳುವ ಯಾವ ವ್ಯವಸ್ಥೆಯನ್ನೂ ನಾವು ಬಳಸಿಲ್ಲ, ಪರೀಕ್ಷಿಸುತ್ತಿಲ್ಲ, ಬಳಸುವ ಯೋಚನೆಯೂ ಇಲ್ಲ; ಎಐ ನೋಡುವುದು ಒಟ್ಟಾರೆ ಬೇಡಿಕೆಯನ್ನು, ವ್ಯಕ್ತಿಯನ್ನಲ್ಲ ಎಂಬುದು ಅದರ ಸಾರ.

ಡೆಲ್ಟಾದ ಉತ್ತರವನ್ನು ಇದ್ದ ಹಾಗೆಯೇ ಒಪ್ಪಿಕೊಳ್ಳೋಣ. ಆಗಲೂ ಪ್ರಶ್ನೆ ಮುಗಿಯುವುದಿಲ್ಲ. ಹಳೆಯ ಪದ್ಧತಿಯಲ್ಲಿ ದರ ಎಷ್ಟೇ ಏರಿಳಿದರೂ ಅದು ಯಾವುದೋ ಒಂದು ಪಟ್ಟಿಯೊಳಗಿನ ಸಂಖ್ಯೆಯಾಗಿತ್ತು. ಹೊರಗಿನವರು ಕಷ್ಟಪಟ್ಟರೆ ತಾಳೆ ನೋಡಬಹುದಿತ್ತು. ಈಗ ಆ ಪಟ್ಟಿಯೇ ಕರಗಿಹೋಗುತ್ತಿದೆ. ‘ಎಲ್ಲರಿಗೂ ಒಂದೇ ಲೆಕ್ಕ’ ಮತ್ತು ‘ನಿಮ್ಮನ್ನು ನೋಡಿ ಮಾಡಿದ ಲೆಕ್ಕ’ ಇವೆರಡರ ನಡುವಿನ ಗೆರೆ ಕಂಪನಿಯ ಕಂಪ್ಯೂಟರಿನ ಒಳಗೆ ಮಾತ್ರ ಉಳಿಯುತ್ತದೆ. ಇದು ಅರ್ಥವಾಗಲು ಮೊದಲು ಹಳೆಯ ಏಣಿಯನ್ನು, ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಆ ದರಪಟ್ಟಿಯನ್ನು, ನೋಡಬೇಕು.

ವಿಮಾನದ ಸೀಟು ತರಕಾರಿಗಿಂತ ಬೇಗ ಹಾಳಾಗುವ ಸರಕು. ಬಾಗಿಲು ಮುಚ್ಚಿದ ಕ್ಷಣಕ್ಕೆ ಖಾಲಿ ಸೀಟಿನ ಬೆಲೆ ಸೊನ್ನೆ. ಹಾಗೆಂದು ಮೊದಲು ಬಂದವರಿಗೆಲ್ಲ ಅಗ್ಗದಲ್ಲಿ ಕೊಟ್ಟುಬಿಟ್ಟರೆ ಕೊನೆಗೆ ಹೆಚ್ಚು ಕೊಡಲು ಸಿದ್ಧನಿರುವವನು ಬಂದಾಗ ಸೀಟು ಇರುವುದಿಲ್ಲ. ಎಷ್ಟು ಸೀಟನ್ನು ಅಗ್ಗಕ್ಕೆ ಬಿಡಬೇಕು, ಎಷ್ಟನ್ನು ಕಾದಿಡಬೇಕು? ಬ್ರಿಟನ್ನಿನ ಬಿಒಎಸಿ ವಿಮಾನ ಕಂಪನಿಯ ಕೆನ್ ಲಿಟಲ್‌ವುಡ್ 1972ರಲ್ಲಿ ಇದಕ್ಕೊಂದು ಸರಳ ಸೂತ್ರ ಕೊಟ್ಟರು. ಅಗ್ಗದ ದರವನ್ನು ದುಬಾರಿ ದರದಿಂದ ಭಾಗಿಸಿ. ಇನ್ನೊಂದು ಸೀಟು ಕಾದಿಟ್ಟರೆ ಅದು ದುಬಾರಿ ದರಕ್ಕೆ ಮಾರಾಟವಾಗುವ ಸಂಭವ ಈ ಭಾಗಲಬ್ಧಕ್ಕಿಂತ ಹೆಚ್ಚಿರುವವರೆಗೆ ಕಾದಿಡುತ್ತ ಹೋಗಿ. ಕಡಿಮೆಯಾದಲ್ಲಿ ನಿಲ್ಲಿಸಿ.

ಲೆಕ್ಕ ಹಾಕಿ ನೋಡೋಣ. 180 ಸೀಟಿನ ವಿಮಾನ. ಅಗ್ಗದ ದರ 4,000 ರೂಪಾಯಿ, ದುಬಾರಿ ದರ 10,000. ಭಾಗಲಬ್ಧ 0.4. ದುಬಾರಿ ದರ ಕೊಡುವವರು ಸರಾಸರಿ 30 ಮಂದಿ ಬರುತ್ತಾರೆ, ಏರಿಳಿತದ ಅಳತೆ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, 10 ಎಂದಿಟ್ಟುಕೊಳ್ಳಿ. ಆಗ 33 ಸೀಟು ಕಾದಿಡಬೇಕು, 147 ಸೀಟನ್ನು ಅಗ್ಗಕ್ಕೆ ಬಿಡಬಹುದು. ದುಬಾರಿ ದರವನ್ನು 16,000ಕ್ಕೆ ಏರಿಸಿದರೆ ಭಾಗಲಬ್ಧ 0.25 ಆಗುತ್ತದೆ, ಕಾದಿಡುವ ಸೀಟು 37ಕ್ಕೆ ಏರುತ್ತದೆ. ಬರುವವರ ಸಂಖ್ಯೆ ಬದಲಾಗದಿದ್ದರೂ ಅಗ್ಗದ ಸೀಟು 4 ಕಡಿಮೆಯಾಯಿತು. ಇದರಲ್ಲಿ ಯಾರ ಹೆಸರೂ ಇಲ್ಲ, ಮುಖವೂ ಇಲ್ಲ.

ಎರಡು ದರದ ಈ ಸೂತ್ರವನ್ನು ಹತ್ತಾರು ದರಗಳಿಗೆ ಹಿಗ್ಗಿಸುವ ವಿಧಾನವನ್ನು ಎಂಐಟಿಯ ಪೀಟರ್ ಬೆಲೊಬಾಬಾ 1987ರ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ತೋರಿಸಿದರು. ಅದಕ್ಕೂ ಮುನ್ನವೇ ಅಮೆರಿಕದಲ್ಲಿ ಕದನ ನಡೆದುಹೋಗಿತ್ತು. 1978ರಲ್ಲಿ ದರಗಳ ಮೇಲಿನ ಸರ್ಕಾರಿ ಹಿಡಿತ ಸಡಿಲವಾದ ಮೇಲೆ ಪೀಪಲ್ ಎಕ್ಸ್‌ಪ್ರೆಸ್ ಎಂಬ ಅಗ್ಗದ ಕಂಪನಿ ಹಳಬರ ಗ್ರಾಹಕರನ್ನು ಸೆಳೆಯತೊಡಗಿತು. 1985ರಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ರಾಬರ್ಟ್ ಕ್ರ್ಯಾಂಡಲ್, ಮುಂಗಡ ಖರೀದಿಯ ಷರತ್ತಿಟ್ಟು, ಲೆಕ್ಕ ಹಾಕಿದಷ್ಟೇ ಸೀಟುಗಳಿಗೆ ಪೀಪಲ್ ಎಕ್ಸ್‌ಪ್ರೆಸ್‌ಗೆ ಸರಿಗಟ್ಟುವ ದರ ಘೋಷಿಸಿದರು. ಉಳಿದ ಸೀಟುಗಳು ಹಳೆಯ ದರಕ್ಕೇ ಹೋದವು. ಎಲ್ಲ ಸೀಟನ್ನೂ ಒಂದೇ ಅಗ್ಗದ ಬೆಲೆಗೆ ಮಾರುತ್ತಿದ್ದ ಪೀಪಲ್ ಎಕ್ಸ್‌ಪ್ರೆಸ್ ಬಳಿ ಇಂಥ ಲೆಕ್ಕದ ಯಂತ್ರ ಇರಲಿಲ್ಲ. 1987ರ ಹೊತ್ತಿಗೆ ಅದು ಕಾಂಟಿನೆಂಟಲ್‌ನಲ್ಲಿ ಕರಗಿಹೋಯಿತು. ಬೇಗ ಕೊಂಡರೆ ಅಗ್ಗ, ತಡವಾದರೆ ದುಬಾರಿ ಎಂಬ ಪಾಠವನ್ನು ನಮ್ಮ ಕಡೆ ಮನೆಮನೆಗೆ ತಲುಪಿಸಿದ್ದು 2003ರಲ್ಲಿ ಬೆಂಗಳೂರಿನಿಂದ ಹುಟ್ಟಿದ ಏರ್ ಡೆಕ್ಕನ್, ಅದರ ಒಂದು ರೂಪಾಯಿ ಟಿಕೆಟ್.

ಈ ಲೆಕ್ಕ ಟಿಕೆಟಿನ ಮೇಲೆ ಕಾಣುವುದು ಇಂಗ್ಲಿಷಿನ ಒಂದೊಂದು ಅಕ್ಷರವಾಗಿ. ವೈ, ಬಿ, ಎಂ, ಕೆ, ಕ್ಯೂ, ಟಿ ಹೀಗೆ. ಒಂದೊಂದು ಅಕ್ಷರ ಒಂದೊಂದು ದರದ ಬುಟ್ಟಿ; ಈ ವೃತ್ತಿಯವರ ಬಾಯಲ್ಲಿ ‘ಬಕೆಟ್’. ಒಂದೇ ಸಾಲಿನಲ್ಲಿ ಅಕ್ಕಪಕ್ಕ ಕೂತ ಇಬ್ಬರಲ್ಲಿ ಒಬ್ಬರದು ಟಿ, ಇನ್ನೊಬ್ಬರದು ವೈ ಇರಬಹುದು. ಸೀಟು ಒಂದೇ, ಊಟ ಒಂದೇ, ಬುಟ್ಟಿ ಬೇರೆ. ಅಗ್ಗದ ಬುಟ್ಟಿ ಬರಿದಾದರೆ ಮೇಲಿನದು ತೆರೆಯುತ್ತದೆ. ದರಗಳ ಪಟ್ಟಿಯನ್ನು ಕಂಪನಿಗಳು ಎಟಿಪಿಸಿಒ ಎಂಬ ಸಂಸ್ಥೆಯಲ್ಲಿ ಮೊದಲೇ ಸಲ್ಲಿಸಿಟ್ಟಿರುತ್ತವೆ. ಯಾವ ಬುಟ್ಟಿ ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನು ರೆವೆನ್ಯೂ ಮ್ಯಾನೇಜ್‌ಮೆಂಟ್ ವಿಭಾಗ ನೋಡಿಕೊಳ್ಳುತ್ತದೆ. ಅಕ್ಷರಗಳು 26. ಎಲ್ಲ ಕ್ಯಾಬಿನ್‌ಗೂ ಸೇರಿ ಅಷ್ಟೇ ಆದ್ದರಿಂದ ಎಕಾನಮಿಯ ಏಣಿಗೆ ಸಿಗುವ ಮೆಟ್ಟಿಲು ಅದಕ್ಕಿಂತ ಕಡಿಮೆ.

ಈ ಏಣಿ ಗೊತ್ತಿದ್ದರೆ ಹಲವು ‘ವಂಚನೆ’ಗಳ ಗುಟ್ಟು ಬಿಡಿಸಬಹುದು. ಒಬ್ಬರಿಗೆಂದು ಹುಡುಕಿದಾಗ 4,200 ತೋರಿಸಿದ ದರ, ನಾಲ್ವರಿಗೆಂದು ಹುಡುಕಿದರೆ ತಲೆಗೆ 5,100 ಆಗುತ್ತದೆ. ಅಗ್ಗದ ಬುಟ್ಟಿಯಲ್ಲಿ ಉಳಿದಿರುವುದು 3 ಸೀಟು. ಒಂದೇ ಬುಕಿಂಗ್‌ನಲ್ಲಿರುವ ಎಲ್ಲರಿಗೂ ಸೀಟು ಸಿಗುವ ಬುಟ್ಟಿಯನ್ನೇ ಬಹುತೇಕ ವ್ಯವಸ್ಥೆಗಳು ಆರಿಸುವುದರಿಂದ ನಾಲ್ವರೂ ಮೇಲಿನ ಮೆಟ್ಟಿಲಿಗೆ ಹೋಗುತ್ತಾರೆ: 20,400 ರೂಪಾಯಿ. ಮೂವರಿಗೆ ಒಂದು, ಒಬ್ಬರಿಗೆ ಇನ್ನೊಂದು ಬುಕಿಂಗ್ ಮಾಡಿದರೆ 17,700. ಉಳಿತಾಯ 2,700. ಆದರೆ ಪಿಎನ್ಆರ್ ಎರಡಾಗುತ್ತದೆ. ವಿಮಾನ ರದ್ದಾದರೆ ಬದಲಿ ವಿಮಾನದಲ್ಲಿ ಎಲ್ಲರನ್ನೂ ಒಟ್ಟಿಗೆ ಕೂರಿಸುವ ಖಾತ್ರಿ ಇರುವುದಿಲ್ಲ. ಚಿಕ್ಕ ಮಕ್ಕಳಿದ್ದರೆ ಅವರನ್ನು ದೊಡ್ಡವರೊಬ್ಬರ ಜೊತೆಗಿನ ಬುಕಿಂಗ್‌ನಲ್ಲೇ ಇರಿಸಬೇಕು.

‘ನಾನು ಎರಡು ಸಲ ನೋಡಿದ್ದಕ್ಕೇ ರೇಟ್ ಏರಿಸಿದರು’ ಎಂಬ ದೂರೂ ಹೀಗೆಯೇ. ಹುಡುಕಾಟದ ತಾಣಗಳು ಪ್ರತಿ ಸಲವೂ ಏರ್‌ಲೈನ್‌ನ ಕಂಪ್ಯೂಟರನ್ನು ಕೇಳುವುದಿಲ್ಲ. ಸ್ವಲ್ಪ ಹೊತ್ತಿನ ಹಿಂದೆ ಸಿಕ್ಕ ದರವನ್ನೇ ನೆನಪಿನಲ್ಲಿಟ್ಟುಕೊಂಡು ತೋರಿಸುತ್ತವೆ. ಹಣ ಕಟ್ಟಲು ಹೊರಟಾಗ ನಿಜವಾದ ದರ ಕೇಳುತ್ತವೆ, ಅಷ್ಟರಲ್ಲಿ ಬುಟ್ಟಿ ಬರಿದಾಗಿರುತ್ತದೆ. ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿ ತೆರೆದರೆ ದರ ಇಳಿಯುತ್ತದೆ ಎಂಬ ಸಲಹೆ ಬಹಳ ವರ್ಷಗಳಿಂದ ಓಡಾಡುತ್ತಿದೆ. ಐರೋಪ್ಯ ಆಯೋಗ 2018ರಲ್ಲಿ ಪ್ರಕಟಿಸಿದ ಅಧ್ಯಯನ ವಿಮಾನದ ಟಿಕೆಟ್ ಸೇರಿದಂತೆ ಹಲವು ಸರಕುಗಳನ್ನು ನೂರಕ್ಕೂ ಹೆಚ್ಚು ತಾಣಗಳಲ್ಲಿ ಪರೀಕ್ಷಿಸಿತು. ವ್ಯಕ್ತಿಯನ್ನು ನೋಡಿ ದರ ಬದಲಿಸುವ ವ್ಯವಸ್ಥಿತ ಪುರಾವೆ ಅದಕ್ಕೆ ಸಿಗಲಿಲ್ಲ. ಅನುಮಾನ ಇಟ್ಟುಕೊಳ್ಳುವುದು ಒಳ್ಳೆಯದೇ, ಆದರೆ ಸರಿಯಾದ ಕಡೆ ಇಟ್ಟುಕೊಳ್ಳಬೇಕು.

ಹಾಗಿದ್ದರೆ ಏಣಿಯಲ್ಲಿ ತೊಂದರೆ ಏನಿತ್ತು? ಕಂಪನಿಗಳ ಕಣ್ಣಿನಲ್ಲಿ ಬಹಳಷ್ಟಿತ್ತು. ಮೊದಲನೆಯದು, ಮೆಟ್ಟಿಲುಗಳ ನಡುವಿನ ಖಾಲಿ ಜಾಗ. 4,200 ಆದ ಮೇಲೆ 5,100. 4,800 ಕೊಡಲು ಸಿದ್ಧನಿದ್ದವನಿಂದ ಒಂದೋ 600 ಕಳೆದುಕೊಂಡಂತೆ, ಇಲ್ಲವೇ ಅವನನ್ನೇ ಕಳೆದುಕೊಂಡಂತೆ. ಎರಡನೆಯದು, ಮುಚ್ಚಿದ ಬುಟ್ಟಿಯ ಮುಂದೆ ಎಷ್ಟು ಮಂದಿ ನಿಂತು ವಾಪಸಾದರು ಎಂಬುದು ದಾಖಲಾಗುವುದಿಲ್ಲ. ಮಾರಾಟವನ್ನೇ ಬೇಡಿಕೆ ಎಂದು ಎಣಿಸಿದರೆ ಲೆಕ್ಕ ಕಡಿಮೆ ಬೀಳುತ್ತದೆ. ಮೂರನೆಯದು ಇನ್ನೂ ಸೂಕ್ಷ್ಮ. ಶನಿವಾರ ರಾತ್ರಿ ಅಲ್ಲೇ ತಂಗಬೇಕು, 14 ದಿನ ಮೊದಲೇ ಕೊಳ್ಳಬೇಕು ಎಂಬಂಥ ಬೇಲಿಗಳನ್ನು ಅಗ್ಗದ ಕಂಪನಿಗಳು ಕಿತ್ತುಹಾಕಿದ ಮೇಲೆ, ಹೆಚ್ಚು ಕೊಡಬಲ್ಲವರೂ ಅಗ್ಗದ ಬುಟ್ಟಿ ತೆರೆದಿರುವಾಗ ಅಲ್ಲೇ ಕೊಂಡರು. ಯಂತ್ರ ಅದನ್ನು ನೋಡಿ ‘ದುಬಾರಿ ದರಕ್ಕೆ ಗಿರಾಕಿ ಕಡಿಮೆ’ ಎಂದು ಓದಿಕೊಂಡು ಮುಂದಿನ ಸಲ ಇನ್ನೂ ಕಡಿಮೆ ಸೀಟು ಕಾದಿಟ್ಟಿತು. ಆಗ ಇನ್ನಷ್ಟು ಮಂದಿ ಅಗ್ಗದಲ್ಲಿ ಕೊಂಡರು. ತಾನೇ ಮಾಡಿದ ತಪ್ಪನ್ನು ಪುರಾವೆಯೆಂದು ನಂಬಿ ಯಂತ್ರ ಸುತ್ತುತ್ತ ಕೆಳಗಿಳಿಯುವ ಈ ರೋಗಕ್ಕೆ ಈ ವೃತ್ತಿಯಲ್ಲಿ ‘ಸ್ಪೈರಲ್ ಡೌನ್’ ಎನ್ನುತ್ತಾರೆ. ಇದರ ಮೇಲೆ ಮನುಷ್ಯರ ಎಡವಟ್ಟು ಬೇರೆ: ಅಮೆರಿಕದ ಒಂದು ದೊಡ್ಡ ಏರ್‌ಲೈನ್‌ನ ಒಳಗಿನ ದತ್ತಾಂಶವನ್ನು ಅಭ್ಯಾಸ ಮಾಡಿದ ಅರ್ಥಶಾಸ್ತ್ರಜ್ಞರಿಗೆ, ದರಪಟ್ಟಿ ಮಾಡುವ ವಿಭಾಗಕ್ಕೂ ಸೀಟು ಹಂಚುವ ವಿಭಾಗಕ್ಕೂ ತಾಳಮೇಳವೇ ಇಲ್ಲದ್ದು ಕಂಡಿತು. ಕೋವಿಡ್ ಬಂದಾಗಲಂತೂ ಹಿಂದಿನ ವರ್ಷಗಳ ಮಾಹಿತಿಯೆಲ್ಲ ಒಂದೇ ಏಟಿಗೆ ಕೆಲಸಕ್ಕೆ ಬಾರದಂತಾಯಿತು.

ಎಐ ಕಾಲಿಟ್ಟದ್ದು ಈ ಜಾಗಕ್ಕೆ. ಬುಕಿಂಗ್ ಯಾವ ವೇಗದಲ್ಲಿ ಆಗುತ್ತಿದೆ, ಹೊರಡಲು ಎಷ್ಟು ದಿನವಿದೆ, ಎದುರಾಳಿಯ ದರ ಎಷ್ಟು, ಆ ಊರಿನಲ್ಲಿ ಹಬ್ಬವೋ ಪಂದ್ಯವೋ ಇದೆಯೇ, ಎಷ್ಟು ಮಂದಿ ಹುಡುಕಿದರು, ಎಷ್ಟು ಮಂದಿ ಕೊಳ್ಳದೆ ಹೋದರು, ಇವನ್ನೆಲ್ಲ ಒಟ್ಟಿಗೆ ತೂಗಿ ನೇರವಾಗಿ ಒಂದು ಬೆಲೆ ಹೇಳುತ್ತದೆ. 4,200 ಅಥವಾ 5,100 ಎಂಬ ಹಂಗಿಲ್ಲ. 4,783 ಎನ್ನಬಹುದು, ಹತ್ತು ನಿಮಿಷ ಬಿಟ್ಟು 4,846 ಎನ್ನಬಹುದು. ಲುಫ್ತಾನ್ಸಾ ಸಮೂಹ ಕೆಲವು ವರ್ಷಗಳಿಂದ ‘ಕಂಟಿನ್ಯುವಸ್ ಪ್ರೈಸಿಂಗ್’ ಎಂದು ಇದರ ಸರಳ ರೂಪವನ್ನು ಬಳಸುತ್ತಿದೆ. ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಐಎಟಿಎ 2012ರಿಂದ ತಂದ ಎನ್‌ಡಿಸಿ ಎಂಬ ಹೊಸ ಸಂದೇಶ ಪದ್ಧತಿ ಇಲ್ಲದಿದ್ದರೆ ಇಂಥ ದರವನ್ನು ಏಜೆಂಟರಿಗೆ ಮುಟ್ಟಿಸುವುದು ಕಷ್ಟವಾಗುತ್ತಿತ್ತು. ಹಳೆಯ ಪದ್ಧತಿಯಲ್ಲಿ ಏಜೆಂಟರ ಕಂಪ್ಯೂಟರ್ ಪಟ್ಟಿಯಿಂದ ದರ ಜೋಡಿಸಿಕೊಳ್ಳುತ್ತಿತ್ತು, ಕೇಳುತ್ತಿರುವವರು ಯಾರೆಂಬುದು ಏರ್‌ಲೈನ್‌ಗೆ ತಿಳಿಯುತ್ತಿರಲಿಲ್ಲ. ಎನ್‌ಡಿಸಿಯಲ್ಲಿ ಪ್ರಶ್ನೆ ನೇರ ಏರ್‌ಲೈನ್‌ಗೆ ಹೋಗುತ್ತದೆ. ಜೊತೆಗೆ ಕೇಳುತ್ತಿರುವವರ ಸದಸ್ಯತ್ವ ಸಂಖ್ಯೆಯಂಥ ವಿವರ ಸೇರಿಸಲೂ ಅವಕಾಶವಿದೆ. ಸೇರಿಸಲೇಬೇಕೆಂದಿಲ್ಲ. ಬಾಗಿಲು ಮಾತ್ರ ಅಲ್ಲಿದೆ.

ಇಂಥ ತಂತ್ರಾಂಶ ಬರೆಯುವವರಲ್ಲಿ ನಮ್ಮವರು ಕಡಿಮೆಯಿಲ್ಲ. ವಿಮಾನಯಾನದ ದೊಡ್ಡ ತಂತ್ರಜ್ಞಾನ ಕಂಪನಿಗಳಾದ ಅಮೆಡಿಯಸ್, ಸೇಬರ್ ಎರಡಕ್ಕೂ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕೇಂದ್ರಗಳಿವೆ. ಈ ಚರ್ಚೆಯನ್ನು ಡೆಲ್ಟಾದ ಊರಾದ ಅಟ್ಲಾಂಟಾದವರ ತಲೆನೋವು ಎಂದು ನಾವು ಬದಿಗಿಡುವಂತಿಲ್ಲ.

ಇಷ್ಟರವರೆಗೆ ಎಲ್ಲವೂ ‘ಸಮಯ ನೋಡಿ ಬದಲಾಗುವ ದರ’. ಅದು ‘ಮುಖ ನೋಡಿ ಬದಲಾಗುವ ದರ’ವಾಗಲು ಬೇಕಾದ್ದು ಬಹಳ ಕಡಿಮೆ. ಕಲಿಯುವ ಯಂತ್ರಕ್ಕೆ ಪ್ರಯೋಗ ಬೇಕೇ ಬೇಕು: 4,783ಕ್ಕೆ ಎಷ್ಟು ಮಂದಿ ಕೊಳ್ಳುತ್ತಾರೆ, 4,950ಕ್ಕೆ ಎಷ್ಟು ಎಂದು ಗೊತ್ತಾಗಬೇಕಾದರೆ ಎರಡೂ ಬೆಲೆ ತೋರಿಸಿಯೇ ನೋಡಬೇಕು. ಬೆಳಿಗ್ಗೆ ಒಂದು, ಸಂಜೆ ಒಂದು ತೋರಿಸಿದರೆ ಪ್ರಯೋಗ ಸಮಯದ ಮೇಲೆ ನಡೆಯಿತು. ಒಂದೇ ಕ್ಷಣದಲ್ಲಿ ನಿಮಗೊಂದು, ನಿಮ್ಮ ಪಕ್ಕದವರಿಗೊಂದು ತೋರಿಸಿದರೆ ಪ್ರಯೋಗ ಜನರ ಮೇಲೆ ನಡೆಯಿತು. ಎರಡನೆಯದರಲ್ಲಿ ಉತ್ತರ ಬೇಗ ಸಿಗುತ್ತದೆ, ಲೆಕ್ಕ ಸ್ವಚ್ಛವಾಗಿರುತ್ತದೆ, ಎಂಜಿನಿಯರಿಗೆ ಅದೇ ಹೆಚ್ಚು ಇಷ್ಟ. ಅಮೆಜಾನ್ 2000ನೇ ಇಸವಿಯಲ್ಲಿ ಡಿವಿಡಿಗಳ ಬೆಲೆಯಲ್ಲಿ ಇದನ್ನೇ ಮಾಡಿ ಸಿಕ್ಕಿಬಿದ್ದು, ಅದು ಯಾದೃಚ್ಛಿಕ ಪರೀಕ್ಷೆ ಮಾತ್ರ ಎಂದು ಹೇಳಿ ಹೆಚ್ಚು ಕೊಟ್ಟವರಿಗೆ ಹಣ ಮರಳಿಸಿತ್ತು.

ಇನ್ನೊಂದು ದಾರಿ ಇನ್ನೂ ಮೆತ್ತಗಿನದು. ಹೆಸರು ಬೇಡ, ಫೋನ್ ನಂಬರ್ ಬೇಡ. ಹುಡುಕಾಟವೇ ಬೇಕಾದಷ್ಟು ಹೇಳಿಬಿಡುತ್ತದೆ. ರಾತ್ರಿ ಎರಡು ಗಂಟೆಗೆ, ಒಬ್ಬರಿಗೆ, ನಾಳೆ ಬೆಳಗಿನ ಮೊದಲ ವಿಮಾನಕ್ಕೆ, ಮುಂಬೈಯಿಂದ ಮಂಗಳೂರಿಗೆ, ಹೋಗುವುದಷ್ಟೇ, ಬರುವುದು ತಿಳಿಯದು. ಕನ್ನಡದ ಮನೆಯಲ್ಲಿ ಹುಟ್ಟಿ ದೂರದ ಊರಿನಲ್ಲಿರುವ ಯಾರಿಗೂ ಈ ಹುಡುಕಾಟದ ಅರ್ಥ ಬಿಡಿಸಿ ಹೇಳಬೇಕಿಲ್ಲ. ಆಸ್ಪತ್ರೆ, ಇಲ್ಲವೇ ಸಾವು. ಯಂತ್ರಕ್ಕೆ ಸಾವು ಗೊತ್ತಿಲ್ಲ. ಈ ಬಗೆಯ ಹುಡುಕಾಟ ಮಾಡಿದವರು ಬೆಲೆ ಎಷ್ಟೇ ಇದ್ದರೂ ಕೊಳ್ಳುತ್ತಾರೆ ಎಂಬುದಷ್ಟೇ ಅದು ಕಲಿತ ಸತ್ಯ. ಆದ್ದರಿಂದ ‘ನಾವು ಖಾಸಗಿ ಮಾಹಿತಿ ಬಳಸುವುದಿಲ್ಲ’ ಎಂಬ ಮಾತು ಅಕ್ಷರಶಃ ನಿಜವಾಗಿದ್ದೂ ಆ ರಾತ್ರಿ ಆ ಮನುಷ್ಯ ತನ್ನ ಸಂಕಟಕ್ಕೆ ತಕ್ಕ ಬೆಲೆ ತೆರುವ ಸಾಧ್ಯತೆ ಹಾಗೇ ಉಳಿಯುತ್ತದೆ.

ಇದು ಬರೀ ಊಹೆಯ ಮಾತಲ್ಲ. 2025ರ ಮೇ ತಿಂಗಳಲ್ಲಿ ಅಮೆರಿಕದ ಮೂರು ದೊಡ್ಡ ಕಂಪನಿಗಳು ಕೆಲವು ಮಾರ್ಗಗಳಲ್ಲಿ ಒಬ್ಬರೇ ಪ್ರಯಾಣಿಸುವವರಿಗೆ, ಇಬ್ಬರಿಗೆ ಬೀಳುವ ತಲಾ ದರಕ್ಕಿಂತ ಹೆಚ್ಚು ಹೇಳುತ್ತಿದ್ದದ್ದು ಬಯಲಾಯಿತು. ಎಐ ಬೇಕಾಗಿರಲಿಲ್ಲ, ಅಗ್ಗದ ದರಕ್ಕೆ ‘ಕನಿಷ್ಠ ಇಬ್ಬರು’ ಎಂಬ ಷರತ್ತನ್ನು ದರಪಟ್ಟಿಯಲ್ಲಿ ಸೇರಿಸಿದ್ದರು, ಅಷ್ಟೆ. ಒಬ್ಬರೇ ಹೋಗುವವರು ಕಂಪನಿ ಕೆಲಸದ ಮೇಲಿರುತ್ತಾರೆ, ದುಡ್ಡು ಅವರ ಜೇಬಿನದಲ್ಲ ಎಂಬ ಎಣಿಕೆ. ಸುದ್ದಿಯಾದ ಮೇಲೆ ಹಲವು ಮಾರ್ಗಗಳಿಂದ ಆ ದರಗಳು ಮಾಯವಾದವು. ಆದರೆ ಅದನ್ನು ಹಿಡಿಯಲು ಸಾಧ್ಯವಾದದ್ದು ಹೇಗೆ ಎಂಬುದನ್ನು ಗಮನಿಸಿ: ಷರತ್ತು ಬರವಣಿಗೆಯಲ್ಲಿತ್ತು, ಓದಬಲ್ಲವರು ಓದಿದರು. ಇದೇ ಷರತ್ತನ್ನು ಯಂತ್ರ ತಾನಾಗಿ ಕಲಿತಿದ್ದರೆ ಅದು ಎಲ್ಲೂ ಬರೆದಿರುತ್ತಿರಲಿಲ್ಲ. ಯಂತ್ರ ತನ್ನೊಳಗೆ ಇಟ್ಟುಕೊಳ್ಳುವ ಲಕ್ಷಾಂತರ ಸಂಖ್ಯೆಗಳ ನಡುವೆ ಎಲ್ಲೋ ಹರಡಿಹೋಗಿರುತ್ತಿತ್ತು. ಕಂಪನಿಯ ಮ್ಯಾನೇಜರ್‌ಗೂ ಅದು ಅಲ್ಲಿದೆಯೆಂದು ತಿಳಿಯುವ ಖಾತ್ರಿಯಿಲ್ಲ.

ಭಾರತಕ್ಕೆ ಬರೋಣ. ಇಲ್ಲಿ ದರ ನಿಗದಿ 1994ರಿಂದ ಕಂಪನಿಗಳ ಕೈಯಲ್ಲಿದೆ. 1937ರ ವಿಮಾನ ನಿಯಮಗಳ 135ನೇ ನಿಯಮ, ಖರ್ಚು, ಸೇವೆಯ ಸ್ವರೂಪ, ನ್ಯಾಯವಾದ ಲಾಭ ಮತ್ತು ಚಾಲ್ತಿ ದರಗಳನ್ನು ನೋಡಿ ದರ ಕಟ್ಟಬೇಕು ಎನ್ನುತ್ತದೆ. 2010ರಲ್ಲಿ ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎ ಒಂದು ಸುತ್ತೋಲೆ ಹೊರಡಿಸಿ, ಪ್ರತಿ ಮಾರ್ಗದ ದರಗಳನ್ನು ಬುಟ್ಟಿವಾರು ಪ್ರತಿ ತಿಂಗಳು ತಮ್ಮ ತಾಣದಲ್ಲಿ ಪ್ರಕಟಿಸಬೇಕು ಎಂದು ಕಂಪನಿಗಳಿಗೆ ಹೇಳಿತು. ಕಂಪನಿಗಳ ತಾಣದ ತಳಭಾಗದಲ್ಲಿ ‘ಟ್ಯಾರಿಫ್ ಶೀಟ್’ ಎಂಬ ಸಣ್ಣ ಕೊಂಡಿ ಇರುವುದು ಇದೇ ಕಾರಣಕ್ಕೆ. ಅದನ್ನು ತೆರೆದು ನೋಡಿದವರು ವಿರಳ. ಕೆಳಗಿನ ಮೆಟ್ಟಿಲಿಗೂ ಮೇಲಿನದಕ್ಕೂ ಹಲವು ಪಟ್ಟು ಅಂತರವಿರುವುದರಿಂದ ಈ ಹಾಳೆ ಪ್ರಯಾಣಿಕನನ್ನು ದುಬಾರಿ ದರದಿಂದ ಕಾಪಾಡುವುದಿಲ್ಲ. ಆದರೂ ಅದು ಒಂದು ದಾಖಲೆ. ಡಿಜಿಸಿಎ ಅದೇ ವರ್ಷ ಕಟ್ಟಿದ ದರ ನಿಗಾ ಘಟಕ, ಆಯ್ದ ಮಾರ್ಗಗಳಲ್ಲಿ ಕಂಪನಿಗಳು ಹೇಳಿದ ಪಟ್ಟಿಯ ಆಚೆಗೆ ದರ ಹೋಗಿದೆಯೇ ಎಂದು ನೋಡುವುದೂ ಈ ದಾಖಲೆ ಇಟ್ಟುಕೊಂಡೇ. ಮೆಟ್ಟಿಲುಗಳಿಲ್ಲದ ದರ ಬಂದರೆ ಈ ನಿಯಮ ಏನನ್ನು ಪ್ರಕಟಿಸಲು ಹೇಳಬೇಕು? ‘1,500ರಿಂದ 30,000ದವರೆಗೆ ಯಾವುದಾದರೂ’ ಎಂದರೆ ನಿಯಮ ಪಾಲಿಸಿದಂತೆಯೂ ಆಯಿತು, ಏನೂ ಹೇಳದಂತೆಯೂ ಆಯಿತು.

ಯಂತ್ರವನ್ನು ಅದರ ಪಾಡಿಗೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು 2025ರ ಡಿಸೆಂಬರ್ ಮೊದಲ ವಾರ ತೋರಿಸಿತು. ಪೈಲಟ್‌ಗಳ ಕೆಲಸದ ಅವಧಿಯ ಹೊಸ ನಿಯಮಗಳಿಗೆ ತಕ್ಕ ತಯಾರಿಯಿಲ್ಲದೆ ಇಂಡಿಗೊದ ಸಾವಿರಾರು ಹಾರಾಟಗಳು ರದ್ದಾದವು. ದೇಶದೊಳಗೆ ಹಾರುವ ಹತ್ತು ಮಂದಿಯಲ್ಲಿ ಆರಕ್ಕೂ ಹೆಚ್ಚು ಜನರನ್ನು ಸಾಗಿಸುವ ಕಂಪನಿ ಅದು. ಬೆಂಗಳೂರಿನ ನಿಲ್ದಾಣದಲ್ಲೂ ಜನ ಸೂಟ್‌ಕೇಸುಗಳ ನಡುವೆ ಗಂಟೆಗಟ್ಟಲೆ ಕೂತರು. ಉಳಿದ ಕಂಪನಿಗಳ ಅಗ್ಗದ ಬುಟ್ಟಿಗಳು ಕೆಲವೇ ಹೊತ್ತಿನಲ್ಲಿ ಬರಿದಾಗಿ ದರಗಳು ಗಗನಕ್ಕೇರಿದವು. ಅದಕ್ಕೆ ಯಾರೂ ಕೂತು ಸಂಚು ಮಾಡಬೇಕಿರಲಿಲ್ಲ. ಬೇಡಿಕೆ ಏರಿದರೆ ಮೆಟ್ಟಿಲು ಹತ್ತು ಎಂದು ಹೇಳಿಕೊಟ್ಟದ್ದನ್ನು ಯಂತ್ರಗಳು ಮಾಡಿದವು. ಡಿಸೆಂಬರ್ 6ರಂದು ಕೇಂದ್ರ ಸರ್ಕಾರ ಮಿತಿ ಹೇರಬೇಕಾಯಿತು: 500 ಕಿಲೊಮೀಟರ್‌ವರೆಗೆ 7,500 ರೂಪಾಯಿ, 1,000 ಕಿಲೊಮೀಟರ್‌ವರೆಗೆ 12,000, 1,500ರವರೆಗೆ 15,000, ಅದಕ್ಕೂ ಮೇಲೆ 18,000, ತೆರಿಗೆ, ನಿಲ್ದಾಣದ ಶುಲ್ಕ ಬೇರೆ. ಆಪತ್ತನ್ನೂ ಹಬ್ಬವನ್ನೂ ಒಂದೇ ಬಗೆಯ ಬೇಡಿಕೆಯಾಗಿ ಓದುವ ಯಂತ್ರಕ್ಕೆ ‘ಇಲ್ಲಿ ನಿಲ್ಲು’ ಎಂಬ ಗುಂಡಿ ಮೊದಲೇ ಇರಬೇಕಿತ್ತು. ಇಂಥ ತಡೆಮಿತಿಗಳನ್ನು ಎಲ್ಲ ದರ ತಂತ್ರಾಂಶಗಳಲ್ಲೂ ಹಾಕಲು ಬರುತ್ತದೆ. ಹಾಕುವುದು ಬಿಡುವುದು ಕಂಪನಿಯ ಇಚ್ಛೆಗೆ ಬಿಟ್ಟದ್ದೇ ತಪ್ಪು.

ಹೋಲಿಕೆಗೆ ರೈಲನ್ನು ನೋಡಿ. 2016ರ ಸೆಪ್ಟೆಂಬರಿನಲ್ಲಿ ರಾಜಧಾನಿ, ಶತಾಬ್ದಿ, ದುರಂತೊ ರೈಲುಗಳಿಗೆ ಫ್ಲೆಕ್ಸಿ ದರ ಬಂತು. ಪ್ರತಿ ಶೇ 10ರಷ್ಟು ಬರ್ತ್ ಮಾರಾಟವಾದಾಗ ದರ ಶೇ 10ರಷ್ಟು ಏರುತ್ತದೆ, ಒಂದು ಮಿತಿಯವರೆಗೆ. ಜನ ಅದನ್ನು ಬೈದರು, ಬೈಯಲು ಕಾರಣವೂ ಇತ್ತು. ಆದರೆ ಸೂತ್ರ ಒಂದು ಸಾಲಿನದು, ಪಕ್ಕದ ಬರ್ತಿನವರು ಹೆಚ್ಚು ಕೊಟ್ಟದ್ದು ಏಕೆಂದು ಯಾರು ಬೇಕಾದರೂ ಬಾಯಿಲೆಕ್ಕದಲ್ಲಿ ಹೇಳಬಹುದು. ದುಬಾರಿ ಎನ್ನುವ ದೂರು ಒಂದು, ಲೆಕ್ಕವೇ ತಿಳಿಯದು ಎನ್ನುವ ದೂರು ಇನ್ನೊಂದು. ಎರಡನೆಯದಕ್ಕೆ ಮದ್ದು ಸುಲಭ, ಹಾಗಾಗಿ ಅದನ್ನು ಮೊದಲು ಕೇಳಬೇಕು.

ವ್ಯಕ್ತಿಗೆ ತಕ್ಕ ಬೆಲೆ ಈಗಾಗಲೇ ಒಳಗೆ ಬಂದಿರಬಹುದಾದ ಜಾಗ ಟಿಕೆಟಿನ ಮೂಲ ದರವಲ್ಲ. ಸೀಟು ಆಯ್ಕೆ, ಹೆಚ್ಚುವರಿ ಬ್ಯಾಗು, ಮೇಲಿನ ದರ್ಜೆಗೆ ಏರಿಸುವ ಕೊಡುಗೆ, ಆ್ಯಪ್‌ನಲ್ಲಿ ನಿಮಗಷ್ಟೇ ಬರುವ ಕೂಪನ್, ಯಾವುದೋ ಬ್ಯಾಂಕ್ ಕಾರ್ಡಿನ ರಿಯಾಯಿತಿ, ಇವುಗಳಿಗೆ ಪ್ರಕಟಿತ ಪಟ್ಟಿಯ ಕಟ್ಟುಪಾಡು ಸಡಿಲ. ‘ದರ ಎಲ್ಲರಿಗೂ ಒಂದೇ, ರಿಯಾಯಿತಿ ಮಾತ್ರ ಬೇರೆ’ ಎಂದರೂ ಜೇಬಿನಿಂದ ಹೋಗುವ ಹಣ ಬೇರೆಯೇ. ವಿದ್ಯಾರ್ಥಿಗಳಿಗೆ, ಹಿರಿಯ ನಾಗರಿಕರಿಗೆ, ಸೈನಿಕರಿಗೆ ಕೊಡುವ ರಿಯಾಯಿತಿಯೂ ವ್ಯಕ್ತಿ ನೋಡಿ ಕೊಡುವುದೇ. ಅದರ ಬಗ್ಗೆ ಯಾರೂ ಗೊಣಗುವುದಿಲ್ಲ, ಏಕೆಂದರೆ ನಿಯಮ ಗೋಡೆಯ ಮೇಲೆ ಬರೆದಿದೆ, ಯಾರು ಬೇಕಾದರೂ ಓದಬಹುದು.

ಅನುಮಾನ ಬಂದಾಗ ಪರೀಕ್ಷಿಸುವ ಬಗೆ ಹೀಗೆ. ಎರಡು ಫೋನ್, ಎರಡು ಬೇರೆ ಸಂಪರ್ಕ. ಒಂದರಲ್ಲಿ ಲಾಗಿನ್ ಆಗಿ, ಇನ್ನೊಂದರಲ್ಲಿ ಆಗಬೇಡಿ. ಏರ್‌ಲೈನ್‌ನ ಸ್ವಂತ ತಾಣವನ್ನೇ ತೆರೆಯಿರಿ, ದೇಶ ಮತ್ತು ಕರೆನ್ಸಿ ಎರಡರಲ್ಲೂ ಒಂದೇ ಇರಲಿ. ಒಂದೇ ನಿಮಿಷದಲ್ಲಿ, ಅದೇ ವಿಮಾನ, ಅಷ್ಟೇ ಮಂದಿ, ಅದೇ ಬಗೆಯ ದರ (ಬ್ಯಾಗು ಸೇರಿದ್ದೋ ಸೇರದ್ದೋ) ಆರಿಸಿ ಹಣ ಕಟ್ಟುವ ಪುಟದವರೆಗೂ ಹೋಗಿ. ಮೊತ್ತವನ್ನು ಹೋಲಿಸಬೇಡಿ, ವಿವರ ತೆರೆದು ‘ಬೇಸ್ ಫೇರ್’ ಎಂಬ ಸಾಲನ್ನು ಮಾತ್ರ ಹೋಲಿಸಿ. ಉಳಿದವು ನಿಲ್ದಾಣದ ಬಳಕೆದಾರರ ಶುಲ್ಕ, ಭದ್ರತಾ ಶುಲ್ಕ, ಎಕಾನಮಿಗೆ ಶೇ 5ರ ಜಿಎಸ್‌ಟಿ, ಕನ್ವೀನಿಯನ್ಸ್ ಫೀ ಇತ್ಯಾದಿ. ವ್ಯತ್ಯಾಸ ಕಂಡರೆ ಫೋನ್‌ಗಳನ್ನು ಹಾಗೇ ಬಿಟ್ಟು ಲಾಗಿನ್ ಮಾತ್ರ ಅದಲುಬದಲು ಮಾಡಿ. ವ್ಯತ್ಯಾಸ ಫೋನಿನ ಹಿಂದೆ ಹೋಯಿತೇ, ಖಾತೆಯ ಹಿಂದೆ ಹೋಯಿತೇ ನೋಡಿ. ಹೀಗೆ ಮೂರು ಸಲ ಮಾಡಿ, ಮೂರು ಸಲವೂ ಒಂದೇ ಕಡೆಗೆ ಹೋದರೆ ಮಾತ್ರ ಅದು ಸುದ್ದಿ. ಗಡಿಯಾರ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಒಂದು ಸಲ ಕಂಡು ಇನ್ನೊಂದು ಸಲ ಕಾಣದಿದ್ದರೆ, ಅಷ್ಟರಲ್ಲಿ ಬುಟ್ಟಿ ಬದಲಾಗಿದೆ ಎಂದುಕೊಳ್ಳಿ. ಈ ಪರೀಕ್ಷೆಯ ದೌರ್ಬಲ್ಯವೂ ಇದೇ: ಹತ್ತು ನಿಮಿಷಕ್ಕೊಮ್ಮೆ ಬದಲಾಗುವ ಮೆಟ್ಟಿಲಿಲ್ಲದ ದರದಲ್ಲಿ ಸಮಯದ ಏರಿಳಿತವೇ ಎಲ್ಲವನ್ನೂ ಮುಚ್ಚಿಹಾಕುತ್ತದೆ.

ಆದ್ದರಿಂದ ಹೊರಗಿನ ಪರೀಕ್ಷೆ ಸಾಲದು, ಕಾನೂನು ಒಳಗೆ ಇಣುಕಬೇಕು. ಯುರೋಪಿನಲ್ಲಿ 2022ರ ಮೇಯಿಂದ, ಸ್ವಯಂಚಾಲಿತ ಲೆಕ್ಕದಿಂದ ವ್ಯಕ್ತಿಗೆ ತಕ್ಕಂತೆ ಬೆಲೆ ಕಟ್ಟಿದ್ದರೆ ಅದನ್ನು ಗ್ರಾಹಕರಿಗೆ ತಿಳಿಸಲೇಬೇಕು. ನ್ಯೂಯಾರ್ಕ್ ರಾಜ್ಯದಲ್ಲಿ 2025ರ ನವೆಂಬರಿನಿಂದ, ನಿಮ್ಮ ಖಾಸಗಿ ಮಾಹಿತಿ ಬಳಸಿ ಅಲ್ಗಾರಿದಮ್ ಈ ಬೆಲೆ ನಿಗದಿ ಮಾಡಿದೆ ಎಂದು ಬೆಲೆಯ ಪಕ್ಕದಲ್ಲೇ ಬರೆಯಬೇಕು. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆ ಕೇಳಬೇಕೆನ್ನುತ್ತದೆ, ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಬೆಲೆಯ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ. 2025ರ ಜನವರಿಯಲ್ಲಿ, ಐಫೋನ್ ಮತ್ತು ಆಂಡ್ರಾಯ್ಡ್‌ಗೆ ಬೇರೆ ಬೇರೆ ಬಾಡಿಗೆ ತೋರಿಸುತ್ತಿದ್ದೀರಾ ಎಂದು ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಓಲಾ, ಊಬರ್‌ಗಳನ್ನು ಕೇಳಿತ್ತು. ಇಬ್ಬರೂ ಇಲ್ಲವೆಂದರು.

ವಿಮಾನಗಳ ವಿಷಯದಲ್ಲಿ ಕೇಳಬೇಕಾದ್ದು ಇನ್ನೂ ನಿಖರವಾಗಿರಬಹುದು. ದರ ಕಟ್ಟುವ ಎಐ ಮಾದರಿಯನ್ನೇ ಬಹಿರಂಗಪಡಿಸಿ ಎಂದರೆ ವ್ಯಾಪಾರದ ಗುಟ್ಟು ಎನ್ನುತ್ತಾರೆ, ಅದು ಸ್ವಲ್ಪ ಮಟ್ಟಿಗೆ ನಿಜವೂ ಹೌದು. ಅದು ಬೇಡ. ಮೂರು ದಾಖಲೆ ಸಾಕು. ದರ ಲೆಕ್ಕಕ್ಕೆ ಒಳಹೋಗುವ ಕಾಲಮ್ಮುಗಳ, ಅಂದರೆ ಮಾಹಿತಿಯ ಬಗೆಗಳ, ಹೆಸರುಗಳ ಪಟ್ಟಿ. ಪ್ರತಿ ದರವೂ ಯಾವ ಕ್ಷಣದಲ್ಲಿ, ಯಾವ ಹುಡುಕಾಟಕ್ಕೆ, ಎಷ್ಟೆಂದು ತೋರಿತು ಎಂಬ ಲಾಗ್, ಹೆಸರು ತೆಗೆದು ಒಂದು ವರ್ಷ ಕಾಪಿಟ್ಟದ್ದು. ಒಂದೇ ಕ್ಷಣದಲ್ಲಿ ಒಂದೇ ವಿಮಾನಕ್ಕೆ ಎರಡು ಮೂಲ ದರ ತೋರಿದ ಪ್ರಸಂಗಗಳ ತಿಂಗಳ ಎಣಿಕೆ. ಇಂಥ ಲಾಗ್ ಇಲ್ಲದೆ ಯಂತ್ರ ಕಲಿಯುವುದೇ ಇಲ್ಲ, ಹಾಗಾಗಿ ಇದು ಕಂಪನಿಗಳ ಬಳಿ ಈಗಾಗಲೇ ಇರಬೇಕು. ತಿಂಗಳಿಗೊಮ್ಮೆ ಟ್ಯಾರಿಫ್ ಶೀಟ್ ಪ್ರಕಟಿಸಬೇಕೆಂಬ 2010ರ ಸುತ್ತೋಲೆಗೆ ಈ ಮೂರನ್ನು ಸೇರಿಸಿ, ಎಣಿಕೆಯನ್ನು ತಾಣದಲ್ಲಿ ಹಾಕಿಸಿ, ಲಾಗ್ ಅನ್ನು ಡಿಜಿಸಿಎ ಕೈಗೆ ಕೊಡಿಸಬಹುದು. ಕಾಲಮ್ಮುಗಳ ಪಟ್ಟಿಯಲ್ಲಿ ‘ಹುಡುಕಿದ ಹೊತ್ತು’, ‘ಪ್ರಯಾಣಿಕರ ಸಂಖ್ಯೆ’, ‘ಮರುಪ್ರಯಾಣ ಇದೆಯೇ’ ಎಂಬ ಮೂರು ಒಟ್ಟಿಗೆ ಕಂಡರೆ, ರಾತ್ರಿ ಎರಡು ಗಂಟೆಗೆ ಮಂಗಳೂರಿಗೆ ಟಿಕೆಟ್ ಹುಡುಕಿದವರಿಗೆ ತೋರಿಸಿದ ದರಗಳನ್ನೆಲ್ಲ ಲಾಗ್‌ನಿಂದ ತೆಗೆದು, ಅದೇ ನಿಮಿಷದಲ್ಲಿ ಅದೇ ವಿಮಾನಕ್ಕೆ ಇಬ್ಬರಿಗೆಂದು ಹುಡುಕಿದವರ ದರದ ಪಕ್ಕದಲ್ಲಿಟ್ಟು ನೋಡುವುದು ಒಂದು ದಿನದ ಕೆಲಸ.